ಒಂದೇ ಹೆಸರು, ಐವತ್ತು ಕಾನೂನು: ಅಮೆರಿಕದಲ್ಲಿ ಎಲ್‌ಎಲ್‌ಸಿ ಮಾಡುವವರು ತಿಳಿದಿರಬೇಕಾದದ್ದು

ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆ ಸೀಮಿತವಾಗಿರುವ ಲಿಮಿಟೆಡ್ ಲಯಬಿಲಿಟಿ ಕಂಪನಿ, ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, "ಡೆಲವೇರ್‌ನಲ್ಲಿ ಮಾಡಿದರೆ ಒಳ್ಳೆಯದಂತೆ, ಹೌದಾ?" ಇದಕ್ಕೆ ಉತ್ತರ ಹೇಳುವ ಮುಂಚೆ ಒಂದು ಸಂಗತಿ ಗಟ್ಟಿಯಾಗಬೇಕು. ಅಮೆರಿಕದಲ್ಲಿ ಎಲ್‌ಎಲ್‌ಸಿಗೆ ಕೇಂದ್ರದ ಕಾನೂನು ಅಂತ ಇಲ್ಲ. ಭಾರತದಲ್ಲಿ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಮಾಡುವವರಿಗೆ 2008ರ ಕಾಯಿದೆ ಒಂದೇ. ಹುಬ್ಬಳ್ಳಿಯಲ್ಲಿ ಮಾಡಿದರೂ ಅದೇ, ಗುವಾಹಟಿಯಲ್ಲಿ ಮಾಡಿದರೂ ಅದೇ. ಅಮೆರಿಕದಲ್ಲಿ ಐವತ್ತು ರಾಜ್ಯಗಳಿಗೆ ಐವತ್ತು ಕಾಯಿದೆ, ಜೊತೆಗೆ ವಾಷಿಂಗ್ಟನ್ ಡಿ.ಸಿ.ಯದು ಬೇರೆ. ಹೆಸರು ಎಲ್ಲ ಕಡೆ ಎಲ್‌ಎಲ್‌ಸಿಯೇ. ಒಳಗಿನ ನಿಯಮ, ಶುಲ್ಕ, ಗಡುವು, ದಂಡ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಹೀಗೇಕೆ ಆಯಿತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲ ಎಲ್‌ಎಲ್‌ಸಿ ಕಾಯಿದೆ ಬಂದದ್ದು 1977ರಲ್ಲಿ, ವಯೋಮಿಂಗ್‌ನಲ್ಲಿ. ಒಂದು ತೈಲ ಕಂಪನಿಗೆ ಎರಡು ಅನುಕೂಲ ಒಟ್ಟಿಗೆ ಬೇಕಾಗಿತ್ತು: ಕಾರ್ಪೊರೇಷನ್‌ನ ಹಾಗೆ ಮಾಲೀಕರ ಸ್ವಂತ ಆಸ್ತಿಗೆ ರಕ್ಷಣೆ, ಪಾಲುದಾರಿಕೆಯ ಹಾಗೆ ಒಂದೇ ಸಲ ತೆರಿಗೆ. 1982ರಲ್ಲಿ ಫ್ಲಾರಿಡಾ ಹಿಂಬಾಲಿಸಿತು. ಆಮೇಲೆ ಹಲವು ವರ್ಷ ಯಾರೂ ಮುಂದೆ ಬರಲಿಲ್ಲ, ಯಾಕೆಂದರೆ ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್ ಇದನ್ನು ಯಾವ ಲೆಕ್ಕಕ್ಕೆ ಹಾಕುತ್ತದೆಂದು ಯಾರಿಗೂ ಖಚಿತವಿರಲಿಲ್ಲ. 1988ರಲ್ಲಿ ಐಆರ್‌ಎಸ್ ವಯೋಮಿಂಗ್ ಎಲ್‌ಎಲ್‌ಸಿಯನ್ನು ಪಾಲುದಾರಿಕೆ ಎಂದೇ ಪರಿಗಣಿಸುತ್ತೇನೆಂದು ಹೇಳಿದ ಮೇಲೆ ಉಳಿದ ರಾಜ್ಯಗಳು ಸಾಲುಗಟ್ಟಿ ಕಾಯಿದೆ ಮಾಡಿದವು. ಅವಸರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದರು. ಇವನ್ನು ಒಂದು ಹದಕ್ಕೆ ತರಲು 1996ರಲ್ಲಿ ಒಂದು ಮಾದರಿ ಕಾಯಿದೆ, 2006ರಲ್ಲಿ ಅದರ ಪರಿಷ್ಕೃತ ರೂಪ ಬಂತು. ಕ್ಯಾಲಿಫೋರ್ನಿಯಾ ಪರಿಷ್ಕೃತ ಮಾದರಿಯನ್ನು ತನ್ನದೇ ತಿದ್ದುಪಡಿಗಳೊಂದಿಗೆ 2014ರ ಜನವರಿ 1ರಿಂದ ಜಾರಿಗೆ ತಂದಿತು. ಡೆಲವೇರ್, ಟೆಕ್ಸಸ್, ನ್ಯೂಯಾರ್ಕ್ ಈ ಮಾದರಿಗೆ ಕೈಹಾಕದೆ ತಮ್ಮ ದಾರಿಯಲ್ಲೇ ಇವೆ.

ಈಗ ಡೆಲವೇರ್ ಪ್ರಶ್ನೆಗೆ ಬರೋಣ. ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಿ. ಎಲ್‌ಎಲ್‌ಸಿಯ ಒಳಗಿನ ವ್ಯವಹಾರ, ಅಂದರೆ ಸದಸ್ಯರ (ಎಲ್‌ಎಲ್‌ಸಿಯ ಮಾಲೀಕರನ್ನು ಹೀಗೆ ಕರೆಯುತ್ತಾರೆ) ಪಾಲು, ಮತ, ಪರಸ್ಪರ ಹೊಣೆ, ಇದಕ್ಕೆ ನೋಂದಣಿಯಾದ ರಾಜ್ಯದ ಕಾನೂನು ಅನ್ವಯಿಸುತ್ತದೆ. ಹೊರಗಿನ ವ್ಯವಹಾರ, ಅಂದರೆ ಅಂಗಡಿ ಎಲ್ಲಿದೆ, ಕೆಲಸಗಾರರು ಎಲ್ಲಿದ್ದಾರೆ, ತೆರಿಗೆ ಎಲ್ಲಿ, ಲೈಸೆನ್ಸ್ ಎಲ್ಲಿ, ಇದಕ್ಕೆ ಕೆಲಸ ನಡೆಯುವ ರಾಜ್ಯದ ಕಾನೂನು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಕೇಟರಿಂಗ್ ನಡೆಸುವವರು ವಯೋಮಿಂಗ್‌ನಲ್ಲಿ ಎಲ್‌ಎಲ್‌ಸಿ ಮಾಡಿಕೊಂಡರು ಅಂತಿಟ್ಟುಕೊಳ್ಳಿ. ವಯೋಮಿಂಗ್‌ಗೆ ನೋಂದಣಿಗೆ 100 ಡಾಲರ್, ಆಮೇಲೆ ವರ್ಷಕ್ಕೆ ಕನಿಷ್ಠ 60 ಡಾಲರ್, ಅಲ್ಲಿ ವಿಳಾಸ ಕೊಡುವ ಏಜೆಂಟ್‌ಗೆ ಬೇರೆ ಹಣ. ಇಷ್ಟಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹೊರರಾಜ್ಯದ ಎಲ್‌ಎಲ್‌ಸಿ ಎಂದು ಎಲ್‌ಎಲ್‌ಸಿ-5 ಫಾರ್ಮ್ ತುಂಬಿ 70 ಡಾಲರ್ ಕಟ್ಟಿ ಮತ್ತೆ ನೋಂದಣಿ ಮಾಡಿಸಬೇಕು, ವರ್ಷ ವರ್ಷ 800 ಡಾಲರ್ ತೆರಿಗೆ ಕಟ್ಟಬೇಕು. ಉಳಿತಾಯವಾಗುತ್ತದೆಂದು ಹೋದವರು ಎರಡು ರಾಜ್ಯಕ್ಕೆ ಕಟ್ಟುತ್ತಾರೆ.

"ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಮಾಡದಿದ್ದರೆ ಯಾರಿಗೆ ಗೊತ್ತಾಗುತ್ತದೆ?" ಅಂತ ಕೇಳಬಹುದು. ಗೊತ್ತಾಗುವುದು ನಿಮಗೆ ಗಿರಾಕಿಯಿಂದ ಹಣ ಬರದೆ ಇದ್ದ ದಿನ. ನೋಂದಣಿಯಿಲ್ಲದ ಹೊರರಾಜ್ಯದ ಎಲ್‌ಎಲ್‌ಸಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ದಾವೆ ನಡೆಸುವ ಹಾಗಿಲ್ಲ. ಮೊದಲು ಬಾಕಿಯೆಲ್ಲ ಕಟ್ಟಿ ನೋಂದಣಿ ಮಾಡಿಸಿ ಬರಬೇಕು. ದಿನಕ್ಕೆ 20 ಡಾಲರ್‌ನಂತೆ 10,000 ಡಾಲರ್‌ವರೆಗೆ ದಂಡವೂ ಕಾನೂನಿನಲ್ಲಿದೆ.

ಟೆಕ್ಸಸ್‌ನಲ್ಲಿ ಬಾಡಿಗೆ ಮನೆ ಕೊಂಡ, ಕ್ಯಾಲಿಫೋರ್ನಿಯಾದ ಬೇ ಏರಿಯಾದವರಿಗೂ ಇದು ತಾಗುತ್ತದೆ. ಮನೆ ಆಸ್ಟಿನ್‌ನಲ್ಲಿದೆ, ಎಲ್‌ಎಲ್‌ಸಿ ಟೆಕ್ಸಸ್‌ನದು, ಸರಿ. ಆದರೆ ಬಾಡಿಗೆದಾರರನ್ನು ಆರಿಸುವುದು, ರಿಪೇರಿಗೆ ಒಪ್ಪಿಗೆ ಕೊಡುವುದು, ಚೆಕ್ ಬರೆಯುವುದು ಎಲ್ಲ ಸನ್ನಿವೇಲ್‌ನ ಮನೆಯ ಮೇಜಿನಿಂದ. ಹೀಗೆ ಇಲ್ಲಿ ಕೂತು ನಡೆಸುವುದನ್ನು ಕ್ಯಾಲಿಫೋರ್ನಿಯಾದ ತೆರಿಗೆ ಇಲಾಖೆ, ಅಂದರೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ಇಲ್ಲೇ ವ್ಯವಹಾರ ಮಾಡಿದ ಹಾಗೆ ಎಂದು ಪರಿಗಣಿಸುತ್ತದೆ. ಬರೀ ಹಣ ಹಾಕಿ ಸುಮ್ಮನಿರುವವರ ಸ್ಥಿತಿ ಬೇರೆ. 2017ರ ಸ್ವಾರ್ಟ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಅಯೋವಾದ ಒಂದು ಕಂಪನಿಗೆ ಕ್ಯಾಲಿಫೋರ್ನಿಯಾದ ಎಲ್‌ಎಲ್‌ಸಿಯೊಂದರಲ್ಲಿ ಶೇ. 0.2 ಪಾಲಿತ್ತು, ನಿರ್ವಹಣೆಯಲ್ಲಿ ಕೈಯಿರಲಿಲ್ಲ. ಅಷ್ಟಕ್ಕೇ 800 ಡಾಲರ್ ಕೇಳುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು. ಅಂದರೆ ನೋಡಬೇಕಾದ್ದು ಮನೆ ಎಲ್ಲಿದೆ ಅನ್ನುವುದನ್ನು ಮಾತ್ರ ಅಲ್ಲ, ತೀರ್ಮಾನ ಎಲ್ಲಿ ಆಗುತ್ತಿದೆ ಅನ್ನುವುದನ್ನೂ.

ಹಾಗಾದರೆ ಡೆಲವೇರ್ ಯಾರಿಗೆ? ಬೇರೆ ಬೇರೆ ರಾಜ್ಯಗಳ ಹೂಡಿಕೆದಾರರು ಸೇರುವ, ಒಪ್ಪಂದದಲ್ಲಿ ಸೂಕ್ಷ್ಮವಾದ ಷರತ್ತುಗಳು ಬೇಕಾದ ವ್ಯವಹಾರಕ್ಕೆ. ಅಲ್ಲಿನ ಕಾಯಿದೆ ಸದಸ್ಯರ ಒಪ್ಪಂದಕ್ಕೆ ಬಹಳ ಬೆಲೆ ಕೊಡುತ್ತದೆ, ವಾಣಿಜ್ಯ ವಿವಾದಗಳಲ್ಲಿ ನುರಿತ ಚಾನ್ಸರಿ ನ್ಯಾಯಾಲಯ ಇದೆ. ಒಂದೂರಿನ ಅಂಗಡಿಗೆ, ಒಂದು ಬಾಡಿಗೆ ಮನೆಗೆ, ಒಬ್ಬರೇ ನಡೆಸುವ ಕನ್ಸಲ್ಟಿಂಗ್‌ಗೆ ಕೆಲಸ ನಡೆಯುವ ರಾಜ್ಯವೇ ಸರಿಯಾದ ರಾಜ್ಯ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಅರ್ಜಿ. ಕ್ಯಾಲಿಫೋರ್ನಿಯಾದ ಎಲ್‌ಎಲ್‌ಸಿ-1 ಫಾರ್ಮ್ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮೊದಲು ಹೆಸರು, ಕೊನೆಯಲ್ಲಿ ಎಲ್‌ಎಲ್‌ಸಿ ಎಂದು ಇರಲೇಬೇಕು. ಬ್ಯಾಂಕ್, ಟ್ರಸ್ಟ್, ಇನ್ಶೂರೆನ್ಸ್ ಕಂಪನಿ ಎಂಬಂಥ ಪದ ಸೇರಿಸಿದರೆ ತಿರಸ್ಕಾರ ಆಗುತ್ತದೆ. ಎರಡನೆಯದು ಕಚೇರಿಯ ವಿಳಾಸ, ಪಿ.ಒ. ಬಾಕ್ಸ್ ನಡೆಯುವುದಿಲ್ಲ. ಇಲ್ಲಿ ಸ್ವಲ್ಪ ನಿಲ್ಲಿ. ಈ ಫಾರ್ಮ್ ಸಾರ್ವಜನಿಕ ದಾಖಲೆ. ಮನೆ ವಿಳಾಸ ಹಾಕಿದರೆ ಕಂಪನಿಗಳನ್ನು ನೋಂದಾಯಿಸುವ ರಾಜ್ಯದ ಕಚೇರಿ, ಅಂದರೆ ಸೆಕ್ರೆಟರಿ ಆಫ್ ಸ್ಟೇಟ್‌ನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಆಮೇಲೆ ಬದಲಾಯಿಸಿದರೂ ಹಳೆಯ ಫಾರ್ಮ್ ಅಲ್ಲೇ ಇರುತ್ತದೆ. ಮೂರನೆಯದು ಏಜೆಂಟ್. ಕೋರ್ಟಿನ ನೋಟಿಸ್ ತಲುಪಿಸಲು ಆ ರಾಜ್ಯದೊಳಗೆ ನಿಜವಾದ ರಸ್ತೆ ವಿಳಾಸ ಇರುವ ಒಬ್ಬ ವ್ಯಕ್ತಿ, ಇಲ್ಲವೇ ಇದೇ ಕೆಲಸ ಮಾಡುವ ಕಂಪನಿ. ನೀವೇ ಏಜೆಂಟ್ ಆಗಬಹುದು. ಆದರೆ ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋಗುವ ಕುಟುಂಬ ಹಾಗೆ ಮಾಡಬಾರದು. ದಾವೆಯ ಸಮನ್ಸ್ ತಲುಪಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಸಲ್ಲಿಸಲು ಸಾಮಾನ್ಯವಾಗಿ 30 ದಿನ. ಉತ್ತರವಿಲ್ಲದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರಬಹುದು.

ನಾಲ್ಕನೆಯದು ನಿರ್ವಹಣೆ: ಒಬ್ಬ ಮ್ಯಾನೇಜರ್, ಒಂದಕ್ಕಿಂತ ಹೆಚ್ಚು ಮ್ಯಾನೇಜರ್, ಇಲ್ಲವೇ ಎಲ್ಲ ಸದಸ್ಯರೂ. ಎಲ್ಲ ಸದಸ್ಯರೂ ಎಂದು ಗುರುತು ಹಾಕಿದರೆ ಹಣ ಹಾಕಿ ಸುಮ್ಮನಿರಬೇಕಿದ್ದ ಭಾವನಿಗೂ ಕಂಪನಿಯ ದಿನನಿತ್ಯದ ವ್ಯವಹಾರದಲ್ಲಿ ಸಹಿ ಹಾಕುವ ಅಧಿಕಾರ ಸಿಗುತ್ತದೆ. ಯಾರು ನಡೆಸುತ್ತಾರೆಂದು ಮೊದಲೇ ತೀರ್ಮಾನಿಸಿಕೊಂಡು ಗುರುತು ಹಾಕಿ. ಕೊನೆಗೆ ಸಹಿ, 70 ಡಾಲರ್. ನೋಂದಣಿಯಾದ 90 ದಿನದೊಳಗೆ ಸ್ಟೇಟ್‌ಮೆಂಟ್ ಆಫ್ ಇನ್‌ಫರ್ಮೇಷನ್ ಎಂಬ ಮಾಹಿತಿ ಪತ್ರ ಸಲ್ಲಿಸಬೇಕು, 20 ಡಾಲರ್. ಮುಂದೆ ಎರಡು ವರ್ಷಕ್ಕೊಮ್ಮೆ. ತಪ್ಪಿದರೆ ದಂಡ 250. ನೋಂದಣಿಯಾದ ಕೆಲವೇ ದಿನಗಳಲ್ಲಿ ಸರ್ಕಾರಿ ನೋಟಿಸಿನ ಹಾಗೇ ಕಾಣುವ ಕಾಗದಗಳು ಮನೆಗೆ ಬರುತ್ತವೆ: ಪ್ರಮಾಣಪತ್ರಕ್ಕೆ ಇಷ್ಟು ಕಳಿಸಿ, ವಾರ್ಷಿಕ ದಾಖಲೆಗೆ ಅಷ್ಟು ಕಳಿಸಿ ಎಂದು. ಕೆಳಗೆ ಸಣ್ಣಕ್ಷರದಲ್ಲಿ "ಇದು ಸರ್ಕಾರಿ ಸಂಸ್ಥೆಯಲ್ಲ" ಅಂತ ಇರುತ್ತದೆ. ಆ ಸಾಲು ಓದದೆ ಚೆಕ್ ಬರೆಯಬೇಡಿ.

ನೋಂದಣಿಯ ತಾರೀಖಿನಲ್ಲೂ ದುಡ್ಡಿದೆ. 800 ಡಾಲರ್ ಕ್ಯಾಲೆಂಡರ್ ವರ್ಷದ ಲೆಕ್ಕ. ನವೆಂಬರಿನಲ್ಲಿ ನೋಂದಣಿ ಮಾಡಿಸಿದವರು ಆ ಎರಡು ತಿಂಗಳಿಗೆ 800, ಏಪ್ರಿಲ್ 15ಕ್ಕೆ ಹೊಸ ವರ್ಷದ 800, ಎರಡೂ ಕಟ್ಟುತ್ತಾರೆ. ವರ್ಷದ ಕೊನೆಯ 15 ದಿನದೊಳಗೆ ನೋಂದಣಿಯಾಗಿ ಆ ವರ್ಷ ವ್ಯವಹಾರವೇ ಮಾಡದಿದ್ದರೆ ಆ ವರ್ಷದ ತೆರಿಗೆಯಿಲ್ಲ. ಅರ್ಜಿಯನ್ನು ಮೊದಲೇ ಕೊಟ್ಟು ಜನವರಿಯಿಂದ ಜಾರಿಗೆ ಬರಲಿ ಎಂದು ಕೇಳಲೂಬಹುದು. 90 ದಿನದವರೆಗೆ ಮುಂದಿನ ತಾರೀಖು ಹಾಕಲು ಅವಕಾಶವಿದೆ. 2021ರಿಂದ 2023ರವರೆಗೆ ಹುಟ್ಟಿದ ಎಲ್‌ಎಲ್‌ಸಿಗಳಿಗೆ ಮೊದಲ ವರ್ಷ ಮನ್ನಾ ಇತ್ತು. ಅದು ಮುಗಿದಿದೆ, ಹಳೆಯ ವಿಡಿಯೊ ನೋಡಿ ಮೋಸ ಹೋಗಬೇಡಿ.

800ರ ಮೇಲೆ ಇನ್ನೊಂದು ಶುಲ್ಕವಿದೆ, ಇದನ್ನು ಮರೆಯುವವರು ಬಹಳ. ಕ್ಯಾಲಿಫೋರ್ನಿಯಾದ ಒಟ್ಟು ಆದಾಯ 2,50,000 ಡಾಲರ್ ಮುಟ್ಟಿದರೆ 900, ಐದು ಲಕ್ಷಕ್ಕೆ 2,500, ಹತ್ತು ಲಕ್ಷಕ್ಕೆ 6,000, ಐವತ್ತು ಲಕ್ಷಕ್ಕೆ 11,790. ಲಾಭದ ಮೇಲಲ್ಲ, ಒಟ್ಟು ಬಂದ ಹಣದ ಮೇಲೆ. ಮದುವೆ ಮನೆಗಳ ಊಟ ಒಪ್ಪಿಕೊಂಡು ವರ್ಷಕ್ಕೆ 2,60,000 ವಹಿವಾಟು ಮಾಡಿ, ಅಕ್ಕಿ, ಬಾಡಿಗೆ, ಕೂಲಿ ಕಳೆದು ಕೈಗೆ ಏನೂ ಉಳಿಯದಿದ್ದರೂ 1,700 ಡಾಲರ್ ರಾಜ್ಯಕ್ಕೆ ಹೋಗುತ್ತದೆ. ಈ ಶುಲ್ಕವನ್ನು ಜೂನ್ 15ರೊಳಗೆ ಅಂದಾಜಿಸಿ ಕಟ್ಟಬೇಕು. ಕಡಿಮೆ ಕಟ್ಟಿದರೆ ಕೊರತೆಯ ಮೇಲೆ ಶೇ. 10 ದಂಡ.

ಬೇರೆ ರಾಜ್ಯಗಳಲ್ಲಿ ಲೆಕ್ಕ ಬೇರೆ. ಟೆಕ್ಸಸ್‌ನಲ್ಲಿ ನೋಂದಣಿಗೆ 300 ಡಾಲರ್; ಆಮೇಲೆ ಸಣ್ಣ ವಹಿವಾಟಿಗೆ ಫ್ರಾಂಚೈಸ್ ತೆರಿಗೆ (ರಾಜ್ಯದಲ್ಲಿ ವ್ಯವಹಾರ ನಡೆಸುವುದಕ್ಕೆ ಹಾಕುವ ತೆರಿಗೆ) ಇಲ್ಲ, 2024 ಮತ್ತು 2025ರ ವರದಿಗಳಿಗೆ ಆ ಮಿತಿ 24.7 ಲಕ್ಷ ಡಾಲರ್ ಇತ್ತು. ತೆರಿಗೆ ಇಲ್ಲದಿದ್ದರೂ ಮೇ 15ರೊಳಗೆ ಮಾಹಿತಿ ವರದಿ ಕೊಡಲೇಬೇಕು. ಫ್ಲಾರಿಡಾದಲ್ಲಿ 125, ವಾರ್ಷಿಕ ವರದಿಗೆ 138.75, ಮೇ 1 ದಾಟಿದರೆ 400 ಡಾಲರ್ ತಡದಂಡ, ಸೆಪ್ಟೆಂಬರಿನ ಮೂರನೇ ಶುಕ್ರವಾರದವರೆಗೂ ಕೊಡದಿದ್ದರೆ ರಾಜ್ಯವೇ ಎಲ್‌ಎಲ್‌ಸಿಯನ್ನು ರದ್ದುಮಾಡುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ನೋಂದಣಿಗೆ 500, ಪ್ರತಿ ವರ್ಷವೂ 500. ಡೆಲವೇರ್ ವಾರ್ಷಿಕ ವರದಿ ಕೇಳುವುದಿಲ್ಲ, ಆದರೆ ಜೂನ್ 1ಕ್ಕೆ 300 ಡಾಲರ್ ತೆರಿಗೆ. ತಪ್ಪಿದರೆ 200 ದಂಡ, ತಿಂಗಳಿಗೆ ಶೇ. 1.5 ಬಡ್ಡಿ.

ನ್ಯೂಯಾರ್ಕ್ ಎಲ್ಲಕ್ಕಿಂತ ವಿಚಿತ್ರ. 200 ಡಾಲರ್ ಕೊಟ್ಟು ನೋಂದಣಿಯಾದ 120 ದಿನದೊಳಗೆ, ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ಕ್ಲರ್ಕ್ ಸೂಚಿಸಿದ ಎರಡು ಪತ್ರಿಕೆಗಳಲ್ಲಿ ಸತತ ಆರು ವಾರ ಪ್ರಕಟಣೆ ಕೊಡಬೇಕು, ಒಂದು ದಿನಪತ್ರಿಕೆ, ಒಂದು ವಾರಪತ್ರಿಕೆ. ಆಮೇಲೆ ಪತ್ರಿಕೆಗಳ ಪ್ರಮಾಣಪತ್ರ ಲಗತ್ತಿಸಿ 50 ಡಾಲರ್ ಕಟ್ಟಬೇಕು. ಮ್ಯಾನ್‌ಹ್ಯಾಟನ್ ಪತ್ರಿಕೆಗಳಲ್ಲಿ ಇದಕ್ಕೆ ಸಾವಿರ ಡಾಲರ್ ದಾಟುತ್ತದೆ, ಆಲ್ಬನಿಯಲ್ಲಿ ಕೆಲವು ನೂರರಲ್ಲಿ ಮುಗಿಯುತ್ತದೆ. ಅದಕ್ಕೇ ಆಲ್ಬನಿಯ ಏಜೆಂಟ್ ಹಿಡಿದು ಕಚೇರಿ ಆ ಕೌಂಟಿಯಲ್ಲಿದೆ ಎಂದು ನಮೂದಿಸುವ ರೂಢಿ ಇದೆ. ಪ್ರಕಟಣೆ ಕೊಡದಿದ್ದರೆ ಮಾಡಿಕೊಂಡ ಕರಾರುಗಳು ಬಿದ್ದುಹೋಗುವುದಿಲ್ಲ, ಆದರೆ ಅದನ್ನು ಪೂರೈಸುವವರೆಗೆ ನ್ಯೂಯಾರ್ಕ್ ಕೋರ್ಟಿನಲ್ಲಿ ದಾವೆ ನಡೆಸಲಾಗದು.

ವೈದ್ಯರು, ವಕೀಲರು, ಸಿಪಿಎಗಳು (ಲೆಕ್ಕಪರಿಶೋಧಕರು), ಆರ್ಕಿಟೆಕ್ಟ್‌ಗಳು ಇಲ್ಲಿದ್ದರೆ ಒಂದು ಮಾತು. ಟೆಕ್ಸಸ್, ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಇರುವ ವೃತ್ತಿಪರರಿಗೆ ಪಿಎಲ್‌ಎಲ್‌ಸಿ ಎಂಬ ಬೇರೆ ರೂಪವಿದೆ. ಕ್ಯಾಲಿಫೋರ್ನಿಯಾದಲ್ಲಿ ಅದೂ ಇಲ್ಲ. ಈ ವೃತ್ತಿಗಳನ್ನು ಎಲ್‌ಎಲ್‌ಸಿ ಮೂಲಕ ನಡೆಸುವಂತಿಲ್ಲ. ನೋಂದಣಿ ಅರ್ಜಿ ಮಾತ್ರ ಯಾರೂ ಕೇಳದೆ ಪಾಸಾಗಿಬಿಡುತ್ತದೆ, ತೊಂದರೆ ಆಮೇಲೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸರ್ಕಾರಕ್ಕೆ ಕೊಡುವ ಕಾಗದದಿಂದ ಎಲ್‌ಎಲ್‌ಸಿ ಹುಟ್ಟುತ್ತದೆ, ಅಷ್ಟೇ. ಅದು ಹೇಗೆ ನಡೆಯಬೇಕೆಂಬುದು ಇರುವುದು ಆಪರೇಟಿಂಗ್ ಅಗ್ರಿಮೆಂಟ್‌ನಲ್ಲಿ, ಅಂದರೆ ಸದಸ್ಯರ ನಡುವಿನ ಒಪ್ಪಂದದಲ್ಲಿ. ಇದನ್ನು ಎಲ್ಲಿಯೂ ಸಲ್ಲಿಸಬೇಕಾಗಿಲ್ಲ, ಆದ್ದರಿಂದಲೇ ಬರೆಯದೆ ಬಿಡುತ್ತಾರೆ. ನ್ಯೂಯಾರ್ಕ್ ಕಾಯಿದೆ 90 ದಿನದೊಳಗೆ ಲಿಖಿತ ಒಪ್ಪಂದ ಇರಬೇಕೆನ್ನುತ್ತದೆ. ಡೆಲವೇರ್‌ನಲ್ಲಿ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಒಪ್ಪಂದದಲ್ಲಿ ನೀವು ಏನು ಹೇಳಿಲ್ಲವೋ ಅಲ್ಲಿ ರಾಜ್ಯದ ಕಾಯಿದೆ ತನ್ನ ನಿಯಮ ತುಂಬುತ್ತದೆ. ಆ ನಿಯಮ ನಿಮ್ಮ ಮನಸ್ಸಿನಲ್ಲಿದ್ದದ್ದೇ ಆಗಿರಬೇಕೆಂದಿಲ್ಲ.

ಒಂದು ಲೆಕ್ಕ ನೋಡಿ. ಭಾವ 90,000 ಡಾಲರ್ ಹಾಕಿದ, ಮೈದುನ 10,000 ಹಾಕಿದ. ಮನೆಯವರೇ ಅಲ್ಲವೇ ಎಂದು ಒಪ್ಪಂದ ಬರೆಯಲಿಲ್ಲ. ವರ್ಷದ ಕೊನೆಗೆ 40,000 ಹಂಚಬೇಕು. ಡೆಲವೇರ್, ಟೆಕ್ಸಸ್ ಕಾಯಿದೆ ಹಾಕಿದ ಬಂಡವಾಳದ ಪ್ರಮಾಣ ನೋಡುತ್ತದೆ: ಭಾವನಿಗೆ 36,000, ಮೈದುನನಿಗೆ 4,000. ಮಾದರಿ ಕಾಯಿದೆಯನ್ನು ಅನುಸರಿಸುವ ನ್ಯೂಜೆರ್ಸಿಯಲ್ಲಿ ತಲೆಗೆ ಸಮಪಾಲು: 20,000, 20,000. ಮತದ ವಿಷಯವೂ ಹೀಗೆಯೇ. ಡೆಲವೇರ್‌ನಲ್ಲಿ ಲಾಭದ ಪಾಲಿನ ಲೆಕ್ಕದಲ್ಲಿ ಬಹುಮತ, ಅಂದರೆ ಭಾವ ಹೇಳಿದ್ದೇ ನಡೆಯುತ್ತದೆ. ಮಾದರಿ ಕಾಯಿದೆಯಲ್ಲಿ ತಲೆಗೊಂದು ಮತ, ಇಬ್ಬರೇ ಇದ್ದರೆ ಯಾರೂ ಗೆಲ್ಲುವುದಿಲ್ಲ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ತಮ್ಮ ಲೆಕ್ಕ ನ್ಯಾಯವೆಂದೇ ಅನ್ನಿಸುತ್ತದೆ. ಒಂದು ಸಾಲು ಬರೆದಿದ್ದರೆ ಈ ಮಾತು ಹಬ್ಬದ ಊಟದ ಪಂಕ್ತಿಗೆ ಬರುತ್ತಿರಲಿಲ್ಲ.

ಹಾಗಾದರೆ ಏನು ಬರೆಯಬೇಕು? ಯಾರು ಎಷ್ಟು ಹಾಕಿದರು, ನಗದೋ, ಸಾಮಾನೋ, ದುಡಿಮೆಯೋ. ಪಾಲು ಎಷ್ಟು. ಇನ್ನಷ್ಟು ಹಣ ಬೇಕಾದಾಗ ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಏನು: ಅದು ಸಾಲವೋ, ಪಾಲು ಹೆಚ್ಚಾಗುತ್ತದೋ. ಯಾವ ತೀರ್ಮಾನಕ್ಕೆ ಎಲ್ಲರ ಒಪ್ಪಿಗೆ ಬೇಕು. ಸಾಲ ತೆಗೆಯುವುದು, ಆಸ್ತಿ ಮಾರುವುದು, ಹೊಸಬರನ್ನು ಸೇರಿಸುವುದು ಸಾಮಾನ್ಯವಾಗಿ ಈ ಪಟ್ಟಿಯಲ್ಲಿರುತ್ತವೆ. 50-50 ಇದ್ದು ಮಾತು ಮುರಿದರೆ ಯಾರು ತೀರ್ಮಾನಿಸುತ್ತಾರೆ. ಇದನ್ನು ಬರೆಯದಿದ್ದರೆ ಕೊನೆಗೆ ಉಳಿಯುವ ದಾರಿ, ಕೋರ್ಟಿಗೆ ಹೋಗಿ ಕಂಪನಿಯನ್ನೇ ವಿಸರ್ಜಿಸಿ ಎಂದು ಕೇಳುವುದು.

ಹೊರಟುಹೋಗುವವರ ವಿಷಯ ಇನ್ನೂ ಮುಖ್ಯ. "ನಾನು ಬಿಟ್ಟರೆ ನನ್ನ ಹಣ ವಾಪಸ್ ಕೊಡುತ್ತಾರೆ" ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಮಾದರಿ ಕಾಯಿದೆಯಲ್ಲಿ ಸದಸ್ಯ ಯಾವಾಗ ಬೇಕಾದರೂ ಹೊರಬರಬಹುದು, ಆದರೆ ಹಣ ಕೇಳುವ ಹಕ್ಕಿಲ್ಲ. ಮತದ ಹಕ್ಕು ಹೋಗುತ್ತದೆ, ಮುಂದೆ ಹಂಚಿಕೆಯಾದರೆ ಪಾಲು ಸಿಗುತ್ತದೆ, ಅಷ್ಟೇ. ಡೆಲವೇರ್‌ನಲ್ಲಿ ಒಪ್ಪಂದ ಅವಕಾಶ ಕೊಡದಿದ್ದರೆ ವಿಸರ್ಜನೆಗೆ ಮುಂಚೆ ಹೊರಬರಲೂ ಆಗದು. ಆದ್ದರಿಂದ ಹೊರಹೋಗುವವರ ಪಾಲನ್ನು ಯಾವ ಲೆಕ್ಕದಲ್ಲಿ ಬೆಲೆ ಕಟ್ಟಬೇಕು, ಎಷ್ಟು ಕಂತಿನಲ್ಲಿ ಕೊಡಬೇಕು ಎಂದು ಜಗಳವಿಲ್ಲದ ದಿನವೇ ಬರೆದಿಡಿ. ವಿಚ್ಛೇದನ, ಸಾವು, ಊರಿಗೆ ವಾಪಸಾಗುವುದು, ಈ ಮೂರನ್ನೂ ಹೆಸರು ಹಿಡಿದು ಸೇರಿಸಿ.

ತೆರಿಗೆಯ ಒಂದು ಷರತ್ತು ಕೂಡ ಬೇಕು. ಇಬ್ಬರು ಅಥವಾ ಹೆಚ್ಚು ಸದಸ್ಯರಿದ್ದರೆ ಲಾಭ ಅವರವರ ಕೆ-1ನಲ್ಲಿ, ಅಂದರೆ ಪ್ರತಿ ಸದಸ್ಯರ ಪಾಲಿನ ತೆರಿಗೆಯ ಲೆಕ್ಕ ತೋರಿಸುವ ಫಾರ್ಮ್‌ನಲ್ಲಿ, ಬರುತ್ತದೆ, ಹಣ ಕೈಗೆ ಬಂದಿರಲಿ ಬಿಡಲಿ. ಬಹುಮತದವರು ಹಣವನ್ನೆಲ್ಲ ಕಂಪನಿಯಲ್ಲೇ ಉಳಿಸಿಕೊಂಡರೆ ಸಣ್ಣ ಪಾಲಿನವರು ಜೇಬಿನಿಂದ ತೆರಿಗೆ ಕಟ್ಟಬೇಕು. ತೆರಿಗೆಗೆ ಸಾಲುವಷ್ಟನ್ನಾದರೂ ಪ್ರತಿ ವರ್ಷ ಹಂಚಬೇಕು ಎಂಬ ಒಂದು ಸಾಲು ಇದನ್ನು ತಪ್ಪಿಸುತ್ತದೆ.

ಗಂಡ-ಹೆಂಡತಿ ಇಬ್ಬರೇ ಸದಸ್ಯರಾದ ಎಲ್‌ಎಲ್‌ಸಿ ನಮ್ಮವರಲ್ಲಿ ಬಹಳ. ಇಲ್ಲಿಯೂ ರಾಜ್ಯ ಮುಖ್ಯವಾಗುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ವಾಷಿಂಗ್ಟನ್, ಅರಿಜೋನಾದಂಥ ಒಂಬತ್ತು ರಾಜ್ಯಗಳಲ್ಲಿ ದಂಪತಿಯ ಸಂಪಾದನೆ ಜಂಟಿ ಆಸ್ತಿ ಎಂಬ ಕಾನೂನಿದೆ. ಅಲ್ಲಿ ಪೂರ್ತಿ ಜಂಟಿ ಆಸ್ತಿಯಾದ ಎಲ್‌ಎಲ್‌ಸಿಯನ್ನು ಒಬ್ಬರದೇ ಎಂಬಂತೆ ಲೆಕ್ಕ ಹಾಕಲು ಐಆರ್‌ಎಸ್ ಒಪ್ಪುತ್ತದೆ. ಐಆರ್‌ಎಸ್‌ಗೆ ಪಾಲುದಾರಿಕೆಯ ಬೇರೆ ರಿಟರ್ನ್ ಬೇಡ. ನ್ಯೂಜೆರ್ಸಿ, ಇಲಿನಾಯ್‌ನಲ್ಲಿ ಈ ಅವಕಾಶವಿಲ್ಲ, ಮಾರ್ಚ್ 15ರೊಳಗೆ ಪಾಲುದಾರಿಕೆಯ ರಿಟರ್ನ್ ಆದ ಫಾರ್ಮ್ 1065 ಸಲ್ಲಿಸಬೇಕು. 2024ರ ರಿಟರ್ನ್ ತಡವಾದರೆ ದಂಡ ಒಬ್ಬೊಬ್ಬ ಪಾಲುದಾರರಿಗೆ ತಿಂಗಳಿಗೆ 245 ಡಾಲರ್, ಗರಿಷ್ಠ 12 ತಿಂಗಳು. ಇಬ್ಬರಿಗೆ ಒಂದು ವರ್ಷಕ್ಕೆ 5,880. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ನ್ಯೂಜೆರ್ಸಿಯ ಎಡಿಸನ್‌ಗೆ ಮನೆ ಬದಲಾಯಿಸುವ ದಂಪತಿ ಇದನ್ನು ಲಾರಿ ಬುಕ್ ಮಾಡುವ ಮೊದಲೇ ವಿಚಾರಿಸಬೇಕು.

ವೀಸಾದ ಮಾತು ಬಂದೇ ಬರುತ್ತದೆ. ರಾಜ್ಯದ ಫಾರ್ಮ್ ನಿಮ್ಮ ಪೌರತ್ವ ಕೇಳುವುದಿಲ್ಲ. ಎಚ್-1ಬಿಯಲ್ಲಿದ್ದವರೂ, ಬೆಂಗಳೂರಿನಲ್ಲಿ ಕೂತವರೂ ಸದಸ್ಯರಾಗಬಹುದು. ಮಾಲೀಕರಾಗುವುದು ಬೇರೆ, ಕೆಲಸ ಮಾಡುವುದು ಬೇರೆ. ವೀಸಾ ಒಬ್ಬ ಉದ್ಯೋಗದಾತರಿಗೆ ಕಟ್ಟುಬಿದ್ದಿದ್ದರೆ ನಿಮ್ಮದೇ ಕಂಪನಿಗಾದರೂ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ಇದು ವಲಸೆ ವಕೀಲರನ್ನು ಕೇಳಿಯೇ ಇಡಬೇಕಾದ ಹೆಜ್ಜೆ. ಇನ್ನು ಭಾರತದಲ್ಲಿದ್ದು ಒಬ್ಬರೇ ಎಲ್‌ಎಲ್‌ಸಿ ಇಟ್ಟುಕೊಂಡವರು ಪ್ರತಿ ವರ್ಷ ಐಆರ್‌ಎಸ್‌ಗೆ ಮಾಲೀಕರ ಜೊತೆಗಿನ ವಹಿವಾಟು ತೋರಿಸುವ ಫಾರ್ಮ್ 5472 ಅನ್ನು, ಹೆಸರಿಗಷ್ಟೇ ತುಂಬಿದ 1120 ಎಂಬ ಕಾರ್ಪೊರೇಷನ್ ರಿಟರ್ನ್‌ನ ಜೊತೆ ಕಳಿಸಬೇಕು. ನೀವು ಕಂಪನಿಗೆ ಹಾಕಿದ ಮೊದಲ ಬಂಡವಾಳವೇ ಅದರಲ್ಲಿ ತೋರಿಸಬೇಕಾದ ವಹಿವಾಟು. ಆದಾಯ ಸೊನ್ನೆಯೆಂದು ಬಿಟ್ಟರೆ ದಂಡ 25,000 ಡಾಲರ್ ಎಂದು ಕಾನೂನಿನಲ್ಲಿದೆ. ಭಾರತದ ಕಡೆಯಿಂದ 2022ರ ಆಗಸ್ಟ್‌ನ ವಿದೇಶಿ ಹೂಡಿಕೆ ನಿಯಮಗಳು ಅನ್ವಯಿಸುತ್ತವೆ. ಹಣ ಕಳಿಸುವಾಗಲೇ ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಕೊಡಬೇಕು. ಇಐಎನ್, ಅಂದರೆ ಕಂಪನಿಯ ತೆರಿಗೆ ಗುರುತಿನ ಸಂಖ್ಯೆ, ಪಡೆಯಲು ಐಆರ್‌ಎಸ್ ಕಾಸು ಕೇಳುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರು ಎಸ್‌ಎಸ್-4 ಫಾರ್ಮನ್ನು ಫ್ಯಾಕ್ಸ್ ಅಥವಾ ಅಂಚೆಯಲ್ಲಿ ಕಳಿಸಬಹುದು.

ರಕ್ಷಣೆಯ ಬಗ್ಗೆ. ಎಲ್‌ಎಲ್‌ಸಿ ಕಂಪನಿಯ ಸಾಲದಿಂದ ನಿಮ್ಮ ಮನೆಯನ್ನು ಕಾಯುತ್ತದೆ, ನಿಮ್ಮದೇ ತಪ್ಪಿನಿಂದ ಕಾಯುವುದಿಲ್ಲ. ಡೆಲಿವರಿಗೆ ಹೋಗುವಾಗ ನೀವೇ ಅಪಘಾತ ಮಾಡಿದರೆ ಹೊಣೆ ನಿಮ್ಮದೂ ಹೌದು; ಅದಕ್ಕೆ ಇನ್ಶೂರೆನ್ಸ್ ಬೇಕು. ಬ್ಯಾಂಕು, ಕಟ್ಟಡದ ಮಾಲೀಕರು ವೈಯಕ್ತಿಕ ಜಾಮೀನು ಬರೆಸಿಕೊಂಡಿದ್ದರೆ ಆ ಸಾಲಕ್ಕೂ ರಕ್ಷಣೆಯಿಲ್ಲ. ಸಹಿ ಹಾಕುವಾಗ ಕಂಪನಿಯ ಹೆಸರು ಬರೆದು, ಕೆಳಗೆ ನಿಮ್ಮ ಸಹಿ, ಅದರ ಕೆಳಗೆ ಮ್ಯಾನೇಜರ್ ಅಥವಾ ಮೆಂಬರ್ ಎಂದು ಬರೆಯಿರಿ. ಬರೀ ಹೆಸರು ಗೀಚಿದರೆ ಒಪ್ಪಂದ ನಿಮ್ಮ ತಲೆಗೇ ಬರಬಹುದು.

ಇದ್ದ ರಕ್ಷಣೆಯೂ ಹೋಗುವುದು ಹಣ ಬೆರೆಸಿದಾಗ. ನೆಟ್‌ಜೆಟ್ಸ್ ಎಂಬ ವಿಮಾನ ಕಂಪನಿ ಒಂದು ಎಲ್‌ಎಲ್‌ಸಿಯ ಬಾಕಿಗಾಗಿ ಅದರ ಏಕೈಕ ಸದಸ್ಯನ ಮೇಲೆ ಹಾಕಿದ ದಾವೆಯಲ್ಲಿ, 2008ರಲ್ಲಿ, ಮೇಲ್ಮನವಿ ನ್ಯಾಯಾಲಯ ಡೆಲವೇರ್ ಕಾನೂನಿನಡಿಯಲ್ಲೇ ಆ ವ್ಯಕ್ತಿಯ ಹೊಣೆಯ ಪ್ರಶ್ನೆ ವಿಚಾರಣೆಗೆ ಹೋಗಬೇಕೆಂದಿತು. ಕಾರಣ, ಕಂಪನಿಯ ಖಾತೆಗೂ ತನ್ನ ಖಾತೆಗೂ ನಡುವೆ ಬೇಕಾದಾಗ ಹಣ ಹಾಕುವುದು, ತೆಗೆಯುವುದು. ಮಕ್ಕಳ ಈಜು ಕ್ಲಾಸಿನ ಫೀಸು ಕಂಪನಿಯ ಕಾರ್ಡಿನಲ್ಲಿ ಕಟ್ಟುವುದು ಸಣ್ಣದೆನ್ನಿಸಬಹುದು. ಎದುರು ಪಕ್ಷದ ವಕೀಲರು ಮೊದಲು ಕೇಳುವುದೇ ಬ್ಯಾಂಕ್ ಸ್ಟೇಟ್‌ಮೆಂಟ್.

ನಿಮಗೆ ಸ್ವಂತಕ್ಕೆ ಸಾಲ ಕೊಟ್ಟವರು ಎಲ್‌ಎಲ್‌ಸಿಯಲ್ಲಿರುವ ನಿಮ್ಮ ಪಾಲಿಗೆ ಬಂದರೆ ಏನಾಗುತ್ತದೆ ಅನ್ನುವುದೂ ರಾಜ್ಯದ ಮೇಲಿದೆ. ಸಾಮಾನ್ಯವಾಗಿ ಅವರಿಗೆ ಸಿಗುವುದು ಚಾರ್ಜಿಂಗ್ ಆರ್ಡರ್, ಅಂದರೆ ಹಂಚಿದ ಹಣ ಮಾತ್ರ, ನಿರ್ವಹಣೆಯಲ್ಲ. 2010ರ ಓಮ್‌ಸ್ಟೆಡ್ ತೀರ್ಪಿನಲ್ಲಿ ಫ್ಲಾರಿಡಾ ಸುಪ್ರೀಂ ಕೋರ್ಟ್, ಒಬ್ಬರೇ ಸದಸ್ಯರಿದ್ದರೆ ಪೂರ್ತಿ ಪಾಲನ್ನೇ ಒಪ್ಪಿಸುವಂತೆ ಆದೇಶಿಸಬಹುದು ಎಂದಿತು. ವಯೋಮಿಂಗ್ ಕಾಯಿದೆ ಒಬ್ಬರೇ ಸದಸ್ಯರಿದ್ದರೂ ಚಾರ್ಜಿಂಗ್ ಆರ್ಡರ್ ಬಿಟ್ಟು ಬೇರೆ ದಾರಿಯಿಲ್ಲ ಎನ್ನುತ್ತದೆ.

ಸ್ವಂತ ಬಾಡಿಗೆ ಮನೆಯನ್ನು ಎಲ್‌ಎಲ್‌ಸಿಗೆ ವರ್ಗಾಯಿಸುವವರು ಮೊದಲು ಸಾಲದ ಪತ್ರ ತೆಗೆದು ನೋಡಿ. ಮನೆ ಕೈಬದಲಾದರೆ ಪೂರ್ತಿ ಸಾಲ ಒಟ್ಟಿಗೆ ಕಟ್ಟಬೇಕೆಂಬ ಷರತ್ತು ಬಹುತೇಕ ಎಲ್ಲ ಸಾಲಗಳಲ್ಲಿ ಇರುತ್ತದೆ. ನೀವೇ ಫಲಾನುಭವಿಯಾಗಿ ಉಳಿಯುವ ಟ್ರಸ್ಟಿಗೆ ವರ್ಗಾಯಿಸಿದರೆ ಕೇಂದ್ರದ ಕಾನೂನು ಕೆಲವು ಸಂದರ್ಭಗಳಲ್ಲಿ ರಿಯಾಯಿತಿ ಕೊಡುತ್ತದೆ, ಎಲ್‌ಎಲ್‌ಸಿಗೆ ಆ ರಿಯಾಯಿತಿಯಿಲ್ಲ. ಇನ್ಶೂರೆನ್ಸ್ ಪಾಲಿಸಿ ಹಳೆಯ ಹೆಸರಿನಲ್ಲೇ ಉಳಿದರೆ ಬೆಂಕಿ ಬಿದ್ದ ದಿನ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ.

ಕೊನೆಯದಾಗಿ ಮುಚ್ಚುವುದು. ವ್ಯವಹಾರ ನಿಂತಿತು, ಬ್ಯಾಂಕ್ ಖಾತೆ ಮುಚ್ಚಿತು, ಆದರೆ ಕ್ಯಾಲಿಫೋರ್ನಿಯಾದಲ್ಲಿ ರದ್ದತಿಯ ಫಾರ್ಮ್ ಕೊಡಲಿಲ್ಲ. 800 ಡಾಲರ್ ವರ್ಷ ವರ್ಷ ಏರುತ್ತಲೇ ಇರುತ್ತದೆ. ಬಾಕಿ ಬಹಳವಾದರೆ ತೆರಿಗೆ ಇಲಾಖೆ ಎಲ್‌ಎಲ್‌ಸಿಯನ್ನು ಅಮಾನತು ಮಾಡುತ್ತದೆ. ಅಮಾನತಾದ ಎಲ್‌ಎಲ್‌ಸಿ ದಾವೆ ಹಾಕುವುದಿರಲಿ, ತನ್ನ ಮೇಲಿನ ದಾವೆಗೆ ಎದುರು ವಾದ ಮಾಡಲೂ ಆಗದು. ಎತ್ತಿ ನಿಲ್ಲಿಸಲು ಬಾಕಿ ರಿಟರ್ನ್, ತೆರಿಗೆ, ದಂಡ ಎಲ್ಲ ಕೊಟ್ಟು ಫಾರ್ಮ್ 3557 ಹಾಕಬೇಕು. ನೋಂದಣಿಯಾದ 12 ತಿಂಗಳೊಳಗೆ ಮುಚ್ಚುವುದಾದರೆ ಎಲ್‌ಎಲ್‌ಸಿ-4/8 ಎಂಬ ಚಿಕ್ಕ ದಾರಿಯಿದೆ. ಆಮೇಲೆ, ಎಲ್ಲ ಸದಸ್ಯರೂ ಒಪ್ಪಿದ್ದರೆ, ಎಲ್‌ಎಲ್‌ಸಿ-4/7. ಕೊನೆಯ ತೆರಿಗೆ ರಿಟರ್ನ್‌ನಲ್ಲಿ ಇದು ಅಂತಿಮ ಎಂದು ಗುರುತು ಹಾಕುವುದನ್ನು ಬಿಡಬೇಡಿ.

ಒಬ್ಬರೇ ಸದಸ್ಯರಿರುವ ಎಲ್‌ಎಲ್‌ಸಿಗೆ ಇನ್ನೊಂದು ಗಡುವಿದೆ. ಆ ಸದಸ್ಯರು ತೀರಿಕೊಂಡರೆ, ಡೆಲವೇರ್‌ನಲ್ಲಿ ಅವರ ಆಸ್ತಿಯ ಅಧಿಕೃತ ಪ್ರತಿನಿಧಿ 90 ದಿನದೊಳಗೆ ಕಂಪನಿ ಮುಂದುವರಿಸಲು ಒಪ್ಪಿ ಸದಸ್ಯರಾಗಬೇಕು, ಅಥವಾ ಇನ್ನೊಬ್ಬರನ್ನು ಹೆಸರಿಸಬೇಕು. ಮಾದರಿ ಕಾಯಿದೆಯಲ್ಲೂ ಸದಸ್ಯರಿಲ್ಲದೆ ಸತತ 90 ದಿನ ಕಳೆದರೆ ವಿಸರ್ಜನೆ. ತೀರಿಕೊಂಡವರ ಆಸ್ತಿಯ ವಿಷಯ ನೋಡುವ ಪ್ರೊಬೇಟ್ ಕೋರ್ಟು ಪ್ರತಿನಿಧಿಯನ್ನು ನೇಮಿಸುವುದಕ್ಕೇ ಅದಕ್ಕಿಂತ ಹೆಚ್ಚು ದಿನ ಹಿಡಿಯಬಹುದು. ಅಷ್ಟರಲ್ಲಿ ಬಾಡಿಗೆ ಬರಬೇಕು, ಕೆಲಸಗಾರರಿಗೆ ಸಂಬಳ ಹೋಗಬೇಕು, ಬ್ಯಾಂಕಿನಲ್ಲಿ ಸಹಿ ಮಾಡುವವರು ಯಾರೂ ಇಲ್ಲ. ಒಪ್ಪಂದದಲ್ಲಿ "ನಾನು ತೀರಿಕೊಂಡರೆ ಅಥವಾ ಅಶಕ್ತನಾದರೆ, ಆ ಗಳಿಗೆಯಿಂದಲೇ ಇಂಥವರು ಮ್ಯಾನೇಜರ್, ನನ್ನ ಪಾಲು ಇಂಥವರಿಗೆ, ಅವರು ಸದಸ್ಯರಾಗುತ್ತಾರೆ" ಎಂದು ಬರೆದು, ಆ ಹೆಸರಿನವರಿಗೆ ಒಂದು ಪ್ರತಿಯನ್ನು ಇವತ್ತೇ ಕೊಟ್ಟಿಡಿ.